ಬದುಕನ್ನೇ ಚಿತ್ರವಾಗಿಸಿದ ರಾಬರ್ಟ್ ಫ್ಲಾಹರ್ಟಿ

ಈ ಸುವರ್ಣ ಮಹೋತ್ಸವ ಸಂಚಿಕೆಯನ್ನು ಕೈಗೆತ್ತಿಕೊಂಡಿರುವ ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ, ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುತ್ತಿದ್ದ ಕಪ್ಪು ಬಿಳುಪಿನ ಕಿರುಚಿತ್ರಗಳು ನೆನಪಿರಬಹುದು. 1948ರಲ್ಲಿ ಸ್ಥಾಪನೆಗೊಂಡ ಫಿಲ್ಮ್ಸ್ ಡಿವಿಷನ್ ಸಂಸ್ಥೆ ತಯಾರಿಸುತ್ತಿದ್ದ ಆ ಚಿತ್ರಗಳಲ್ಲಿ ಎಲ್ಲಿಯೋ ಕಟ್ಟುತ್ತಿದ್ದ ಅಣೆಕಟ್ಟು, ಎಲ್ಲಿಯೋ ಬಂದ ನೆರೆ, ಯಾವುದೋ ಊರಿನ ನೇಕಾರರ ಮಗ್ಗ ಎಲ್ಲವೂ ಇರುತ್ತಿದ್ದವು. ಇದು ಬೇಗ ಮುಗಿದು ರಾಜಕುಮಾರ್ ಅವರೋ ಎಂ.ಜಿ.ಆರ್. ಅವರೋ ತೆರೆಯ ಮೇಲೆ ಬಂದರೆ ಸಾಕೆಂದು ಗಡಿಸೀಮೆಯ ನಾವೆಲ್ಲರೂ ಕಾಯುತ್ತಿದ್ದೆವೆಂಬುದು ನಿಜ. ಆದರೂ ಸಾಮಾನ್ಯ ಜನರ ದುಡಿಮೆಯೂ ದುಡ್ಡು ಕೊಟ್ಟು ನೋಡತಕ್ಕ ಚಿತ್ರವಾಗಬಲ್ಲದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ ವ್ಯಕ್ತಿಯ ಬದುಕು ತಿಳಿಯಬೇಕಾದದ್ದು. ಅವರು ಅಮೆರಿಕದ ರಾಬರ್ಟ್ ಫ್ಲಾಹರ್ಟಿ. ನಮ್ಮ ನೆರೆಯ ಮೈಸೂರಿಗೂ ಬಂದು, ಅಲ್ಲಿಯ ಕಾಡಿನ ಅಂಚಿನಲ್ಲಿ ಚಿತ್ರ ತೆಗೆದವರು.

ಫ್ಲಾಹರ್ಟಿಯವರು 1884ರ ಫೆಬ್ರವರಿ 16ರಂದು ಮಿಷಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿ ಊರಿನಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಹಿರಿಯರು. ತಂದೆ ಐರಿಷ್ ಮೂಲದವರು, ತಾಯಿ ಜರ್ಮನ್ ಮೂಲದವರು. ತಂದೆಯದು ಗಣಿ ಉದ್ಯೋಗವಾದುದರಿಂದ ಬಾಲ್ಯದ ಬಹುಭಾಗ ಕೆನಡಾದ ಗಣಿ ಬಿಡಾರಗಳಲ್ಲಿಯೇ ಕಳೆಯಿತು. ಶಾಲಾ ಕಾಲೇಜುಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಗಣಿ ವಿದ್ಯೆಯ ಕಾಲೇಜಿನಿಂದ ಹೊರಹಾಕಿಸಿಕೊಂಡರು. ಕಾಡು, ಹಿಮ, ದೋಣಿ, ನಾಯಿಗಳ ಜಾರುಬಂಡಿ, ಇವೇ ಅವರಿಗೆ ನಿಜವಾದ ಪಾಠಶಾಲೆಗಳಾದವು.

1910ರಲ್ಲಿ ಕೆನಡಾದ ರೈಲುಮಾರ್ಗ ನಿರ್ಮಾಪಕ ಸರ್ ವಿಲಿಯಂ ಮೆಕೆಂಜಿಯವರು ಹಡ್ಸನ್ ಕೊಲ್ಲಿಯ ಪೂರ್ವ ತೀರದಲ್ಲಿ ಕಬ್ಬಿಣದ ಅದಿರನ್ನು ಹುಡುಕಲು ಫ್ಲಾಹರ್ಟಿಯವರನ್ನು ಕಳುಹಿಸಿದರು. ಮುಂದಿನ ಆರು ವರ್ಷಗಳಲ್ಲಿ ಅವರು ಮತ್ತೆ ಮತ್ತೆ ಆ ಹಿಮನಾಡಿಗೆ ಹೋದರು. ಅವರು ಶೋಧಿಸಿ ನಕ್ಷೆ ಬರೆದ ಬೆಲ್ಚರ್ ದ್ವೀಪಸಮೂಹದ ಒಂದು ದ್ವೀಪಕ್ಕೆ ಇಂದಿಗೂ ಅವರ ಹೆಸರೇ ಇದೆ. ಆದರೆ ಅದಿರಿಗಿಂತ ಹೆಚ್ಚಾಗಿ ಅವರ ಮನಸ್ಸನ್ನು ಸೆಳೆದವರು ಅಲ್ಲಿಯ ಜನರು. ನಮ್ಮ ಹಳೆಯ ಭೂಗೋಳದ ಪುಸ್ತಕಗಳು ಎಸ್ಕಿಮೊ ಎಂದು ಕರೆಯುತ್ತಿದ್ದ, ತಮ್ಮನ್ನು ತಾವು ಇನೂಯಿಟರೆಂದು ಕರೆದುಕೊಳ್ಳುವ ಆ ಜನರ ನೆರವಿಲ್ಲದೆ ಹೊರಗಿನವನೊಬ್ಬ ಅಲ್ಲಿ ಒಂದು ಚಳಿಗಾಲವನ್ನು ಕಳೆಯುವುದೂ ಕಷ್ಟವಿತ್ತು.

1913ರಲ್ಲಿ ಹೊರಡುವಾಗ ಫ್ಲಾಹರ್ಟಿಯವರು ಚಲನಚಿತ್ರದ ಕ್ಯಾಮೆರಾವನ್ನೂ ಕೊಂಡೊಯ್ದರು. ಅದನ್ನು ನಡೆಸಲು ಅವರು ಕಲಿತದ್ದು ಮೂರೇ ವಾರ. 1914ರಲ್ಲಿ ಫ್ರಾನ್ಸಿಸ್ ಹಬರ್ಡ್ ಎಂಬಾಕೆಯನ್ನು ವಿವಾಹವಾದರು. ಈ ವಿದ್ಯಾವಂತ ಮಹಿಳೆ ಮುಂದೆ ಅವರ ಚಿತ್ರಗಳ ಸಹಶಿಲ್ಪಿಯೇ ಆದರು. 1916ರಲ್ಲಿ ಟೊರಾಂಟೊ ನಗರದಲ್ಲಿ ಚಿತ್ರವನ್ನು ಜೋಡಿಸುತ್ತಿದ್ದಾಗ ಫ್ಲಾಹರ್ಟಿಯವರ ಸಿಗರೇಟಿನ ಬೆಂಕಿ ತಗುಲಿ ಸುಮಾರು 30,000 ಅಡಿಗಳಷ್ಟು ನೆಗೆಟಿವ್ ಸುಟ್ಟು ಬೂದಿಯಾಯಿತು. ಅಂದಿನ ಫಿಲ್ಮು ಬಾಣಬಿರುಸಿನಂತೆ ಹೊತ್ತಿಕೊಳ್ಳುವಂಥದು. ಒಂದು ಪ್ರತಿ ಹೇಗೋ ಉಳಿದಿತ್ತು. ಅದನ್ನು ತೋರಿಸಿ ನೋಡಿದಾಗ ಅದರಲ್ಲಿ ಪ್ರವಾಸದ ದೃಶ್ಯಗಳ ಸರಮಾಲೆಯ ಹೊರತು ಜೀವವಿಲ್ಲವೆಂದು ಅವರಿಗೇ ತೋರಿತು. ಒಂದು ಕುಟುಂಬವನ್ನು ಹಿಡಿದು, ಅದರ ಒಂದು ವರ್ಷದ ಬಾಳನ್ನು ತೋರಿಸಬೇಕೆಂಬ ನಿರ್ಧಾರ ಮೂಡಿದ್ದು ಈ ಸೋಲಿನಿಂದ.

ಯುದ್ಧ ಮುಗಿದ ಮೇಲೆ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ರೆವಿಯೊನ್ ಎಂಬ ಫ್ರೆಂಚ್ ಕಂಪನಿ ಹಣ ಕೊಡಲು ಒಪ್ಪಿತು. 1920ರ ಆಗಸ್ಟಿನಲ್ಲಿ ಅವರು ಇಂದು ಇನುಕ್ಜುವಾಕ್ ಎಂದು ಕರೆಯಲ್ಪಡುವ ಹಡ್ಸನ್ ಕೊಲ್ಲಿಯ ಠಾಣೆಗೆ ಬಂದಿಳಿದರು. ಅಲ್ಲಿ ಅವರು ಪಟ್ಟ ಶ್ರಮ ಸಣ್ಣದಲ್ಲ. ಫಿಲ್ಮನ್ನು ಅಲ್ಲಿಯೇ ತೊಳೆಯಬೇಕು, ಅಲ್ಲಿಯೇ ಪ್ರತಿ ತೆಗೆಯಬೇಕು. ಹೆಪ್ಪುಗಟ್ಟಿದ ನೀರಿನಲ್ಲಿ ಆಳವಾದ ತೂತು ಕೊರೆದು, ನೀರನ್ನು ಪೀಪಾಯಿಗಳಲ್ಲಿ ತುಂಬಿ ಜಾರುಬಂಡಿಯ ಮೇಲೆ ತರಬೇಕು. ಇನೂಯಿಟರ ಚರ್ಮದ ಉಡುಪಿನಿಂದ ಉದುರಿದ ಕೂದಲನ್ನು ಆ ನೀರಿನಿಂದ ಹೆಕ್ಕಿ ತೆಗೆಯಬೇಕು. ವಿದ್ಯುದ್ದೀಪ ಸ್ಥಿರವಾಗಿ ಉರಿಯದ್ದರಿಂದ ಗುಡಿಸಲಿನ ಕಿಟಕಿಯಲ್ಲಿ ಚಿಕ್ಕ ಕಂಡಿಯನ್ನು ಬಿಟ್ಟು ಹಗಲಿನ ಬೆಳಕಿನಲ್ಲಿಯೇ ಪ್ರತಿಗಳನ್ನು ಮುದ್ರಿಸಿದರು. ಇಷ್ಟೆಲ್ಲ ಕೆಲಸದಲ್ಲಿ ಕೈಜೋಡಿಸಿದವರು ಇನೂಯಿಟರೇ. ಕ್ಯಾಮೆರಾ ಕೆಟ್ಟರೆ ಬಿಚ್ಚಿ ಸರಿಪಡಿಸಲೂ ಅವರು ಕಲಿತರು. ವಾಲ್ರಸ್ ಎಂಬ ಕಡಲಪ್ರಾಣಿಯ ಬೇಟೆಯ ದೃಶ್ಯವನ್ನು ಮೊದಲು ಅವರಿಗೇ ತೋರಿಸಿದಾಗ, ಪ್ರಾಣಿ ತಪ್ಪಿಸಿಕೊಂಡೀತೆಂದು ನೆರೆದವರೆಲ್ಲ ಕೂಗಿಕೊಂಡರಂತೆ. ಚಿತ್ರೀಕರಿಸಲ್ಪಟ್ಟವರಿಗೇ ಚಿತ್ರವನ್ನು ತೋರಿಸಿ, ಅವರ ಮಾತು ಕೇಳಿ ಮುಂದಿನ ಕೆಲಸ ಮಾಡುವ ಈ ಕ್ರಮ ಫ್ಲಾಹರ್ಟಿಯವರ ಹಿರಿಮೆಗಳಲ್ಲೊಂದೆಂದು ನಾನು ಭಾವಿಸುತ್ತೇನೆ.

ಆದರೆ ಅವರು ತೋರಿಸಿದ್ದು ಅಂದಿನ ಬದುಕನ್ನಲ್ಲ. ಚಿತ್ರದ ನಾಯಕ ನ್ಯಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಅವನ ಹೆಂಡತಿಯಾಗಿ ಕಾಣಿಸಿದಾಕೆ ಅವನ ಹೆಂಡತಿಯಲ್ಲ. ಆ ಹೊತ್ತಿಗೆ ಇನೂಯಿಟರು ಬಂದೂಕು ಹಿಡಿದು ಬೇಟೆಯಾಡುತ್ತಿದ್ದರು. ಫ್ಲಾಹರ್ಟಿಯವರು ಈಟಿಯನ್ನೇ ಹಿಡಿಸಿದರು. ವಾಲ್ರಸ್ ಬೇಟೆಯಲ್ಲಿ ಪ್ರಾಣಿಯ ಸೆಳೆತಕ್ಕೆ ಸಿಕ್ಕಿ ಬೇಟೆಗಾರರು ಬಂದೂಕಿಗಾಗಿ ಮೊರೆಯಿಟ್ಟಾಗಲೂ, ಅರ್ಥವಾಗದವರಂತೆ ಅವರು ಕ್ಯಾಮೆರಾ ತಿರುಗಿಸುತ್ತಲೇ ಇದ್ದರಂತೆ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಅರ್ಧ ಮನೆಯನ್ನೇ ಕಡಿದು ತೆಗೆದು, ಆ ಕುಟುಂಬ ಬಯಲಿನ ಚಳಿಯಲ್ಲಿ ಮಲಗಿ ಏಳುವಂತೆ ಮಾಡಲಾಯಿತು. ಗ್ರಾಮಫೋನ್ ತಟ್ಟೆಯನ್ನು ನ್ಯಾನೂಕ್ ಬೆರಗಿನಿಂದ ಕಚ್ಚಿ ನೋಡುವ ದೃಶ್ಯ ಪ್ರೇಕ್ಷಕರನ್ನು ನಗಿಸಿತು. ಅಲ್ಲಕರಿಯಲ್ಲಕನಿಗೆ ಗ್ರಾಮಫೋನ್ ಹೊಸದೇನಾಗಿರಲಿಲ್ಲ.

ಹಲವು ವಿತರಕರು ಬೇಡವೆಂದ ಆ ಚಿತ್ರ ನ್ಯಾನೂಕ್ ಆಫ್ ದಿ ನಾರ್ತ್ ಎಂಬ ಹೆಸರಿನಲ್ಲಿ 1922ರ ಜೂನ್ 11ರಂದು ನ್ಯೂಯಾರ್ಕಿನಲ್ಲಿ ತೆರೆಕಂಡು ಲೋಕವಿಖ್ಯಾತವಾಯಿತು. ಸುಮಾರು ಎರಡು ವರ್ಷಗಳಲ್ಲಿ ಅಲ್ಲಕರಿಯಲ್ಲಕ್ ತೀರಿಕೊಂಡನು. ಬೇಟೆ ಸಿಗದೆ ಹಸಿವಿನಿಂದ ಸತ್ತನೆಂದು ಪ್ರಚಾರವಾಯಿತು. ಕ್ಷಯರೋಗದಿಂದ ಸತ್ತಿರಬೇಕೆಂಬುದು ಈಚಿನವರ ಅಭಿಪ್ರಾಯ. ಸಾವು ಕೂಡ ಚಿತ್ರದ ಕಥೆಗೆ ಹೊಂದುವಂತೆ ಹೇಳಲ್ಪಟ್ಟಿತು.

ಯಶಸ್ಸನ್ನು ಕಂಡ ಹಾಲಿವುಡ್ಡಿನ ಕಂಪನಿ ಅವರನ್ನು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಿಗೆ ಕಳುಹಿಸಿತು. 1923 ಮತ್ತು 1924ರಲ್ಲಿ ಪತ್ನಿ, ಮೂವರು ಹೆಣ್ಣುಮಕ್ಕಳು ಮತ್ತು ತಮ್ಮನೊಡನೆ ಅವರು ಸವಾಯಿ ದ್ವೀಪದ ಹಳ್ಳಿಯೊಂದರಲ್ಲಿ ನೆಲೆಸಿದರು. ಅಲ್ಲಿ ಹಸಿವೂ ಇಲ್ಲ, ಹಿಮವೂ ಇಲ್ಲ. ಹೋರಾಟವಿಲ್ಲದ ಕಡೆ ಕಥೆಯನ್ನು ಹುಡುಕುವುದು ಹೇಗೆ? ಕೊನೆಗೆ, ಯುವಕನು ಪ್ರಾಯಕ್ಕೆ ಬಂದಾಗ ವಾರಗಟ್ಟಲೆ ನೋವು ತಿಂದು ಹಚ್ಚೆ ಹಾಕಿಸಿಕೊಳ್ಳುವ ಹಿಂದಿನ ಕಾಲದ ಪದ್ಧತಿಯನ್ನು ಮತ್ತೆ ಮಾಡಿಸಿ ಚಿತ್ರಿಸಿದರು. ಫಿಲ್ಮು ತೊಳೆಯುತ್ತಿದ್ದ ಗುಹೆಯ ನೀರನ್ನು ಕುಡಿದು, ಅದರಲ್ಲಿ ಸೇರಿದ್ದ ಬೆಳ್ಳಿಯ ಲವಣದ ವಿಷದಿಂದ ತಾವೇ ಹಾಸಿಗೆ ಹಿಡಿದರು. 1926ರಲ್ಲಿ ಬಂದ ಆ ಮೊವಾನಾ ಚಿತ್ರದ ವಿಮರ್ಶೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ ಅವರು ಡಾಕ್ಯುಮೆಂಟರಿ ಎಂಬ ಪದವನ್ನು ಬಳಸಿದರು. ನಾವು ಸಾಕ್ಷ್ಯಚಿತ್ರವೆಂದು ಕನ್ನಡಿಸಿಕೊಂಡಿರುವ ಪದಕ್ಕೆ ಸಿನೆಮಾದಲ್ಲಿ ನೆಲೆ ಸಿಕ್ಕಿದ್ದು ಹೀಗೆ. ಎಂದೋ ನಿಂತುಹೋಗುತ್ತಿದ್ದುದನ್ನು ಮರಳಿ ಆಡಿಸಿ ತೆಗೆದ ಚಿತ್ರಕ್ಕೆ ಸಾಕ್ಷ್ಯವೆಂಬ ಹೆಸರು ಬಂದುದು ಸೋಜಿಗವಲ್ಲವೆ?

ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪದಲ್ಲಿಯೂ ಇದೇ ನಡೆಯಿತು. ಬಂಡೆಯ ಬಿರುಕುಗಳಲ್ಲಿ ಕಡಲ ಪಾಚಿಯನ್ನೂ ಮರಳನ್ನೂ ಹೊತ್ತು ತಂದು ಸುರಿದು, ಮಣ್ಣನ್ನೇ ಸೃಷ್ಟಿಸಿ ಆಲೂಗೆಡ್ಡೆ ಬೆಳೆಯುವ ಅಲ್ಲಿಯ ಜನರ ದುಡಿಮೆಯ ದೃಶ್ಯಗಳು ಕೃಷಿಕರ ಮಕ್ಕಳಾದ ನಮ್ಮನ್ನು ಇಂದಿಗೂ ಮುಟ್ಟುತ್ತವೆ. ಆದರೆ ದೀಪದೆಣ್ಣೆಗಾಗಿ ಭಾರಿ ಶಾರ್ಕ್ ಮೀನನ್ನು ಬೇಟೆಯಾಡುವ ವಿದ್ಯೆ ಅಲ್ಲಿ ಮರೆತೇ ಹೋಗಿತ್ತು. ಅದನ್ನು ದ್ವೀಪದವರಿಗೆ ಹೊರಗಿನಿಂದ ಕಲಿಸಬೇಕಾಯಿತು. ಬಿರುಗಾಳಿಯ ಕಡಲಿಗೆ ಅವರ ಪುಟ್ಟ ದೋಣಿಗಳನ್ನು ಇಳಿಸಿದುದಕ್ಕಾಗಿ ಫ್ಲಾಹರ್ಟಿಯವರು ಮುಂದೆ ತಾವೇ ಪಶ್ಚಾತ್ತಾಪಪಟ್ಟರು. ಜಮೀನ್ದಾರರು, ಒಕ್ಕಲೆಬ್ಬಿಸುವಿಕೆ, ಗೇಣಿ, ಇವು ಯಾವುವೂ ಆ ಚಿತ್ರದಲ್ಲಿ ಕಾಣುವುದಿಲ್ಲ. ಮ್ಯಾನ್ ಆಫ್ ಅರಾನ್ 1934ರಲ್ಲಿ ವೆನಿಸ್ ಉತ್ಸವದ ಶ್ರೇಷ್ಠ ವಿದೇಶೀ ಚಿತ್ರವೆಂಬ ಪ್ರಶಸ್ತಿ ಗಳಿಸಿತು.

ಇನ್ನು ಮೈಸೂರಿನ ಕಥೆ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರು ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು 1935ರಲ್ಲಿ ಫ್ಲಾಹರ್ಟಿಯವರನ್ನು ಭಾರತಕ್ಕೆ ಕಳುಹಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಅರಮನೆಯ ಆನೆಗಳನ್ನೂ ಇತರ ನೆರವನ್ನೂ ಒದಗಿಸಿದರು. ಕಥೆಯ ಬಾಲಕನ ಪಾತ್ರಕ್ಕೆ ತಂಡ ಹುಡುಕುತ್ತಿದ್ದಾಗ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲ್ ಅವರ ಕಣ್ಣಿಗೆ ಬಿದ್ದವನು ಅರಮನೆಯ ಆನೆಲಾಯದಲ್ಲಿ ಬೆಳೆಯುತ್ತಿದ್ದ ಸಾಬು. ಕಬಿನಿ ತೀರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ತಂದೆ ತಾಯಿಯನ್ನು ಕಳೆದುಕೊಂಡ ಮಾವುತನ ಮಗ; ಆಗಿನ್ನೂ ಹನ್ನೊಂದು ವರ್ಷದವನು. ಐರಾವತವೆಂಬ ಆನೆ ಚಿತ್ರದ ಕಾಲಾನಾಗ್ ಆಯಿತು.

ಫ್ಲಾಹರ್ಟಿಯವರು ತಮ್ಮ ವಾಡಿಕೆಯಂತೆ ತಿಂಗಳುಗಟ್ಟಲೆ ಆನೆಗಳನ್ನೂ ಕಾಡನ್ನೂ ಚಿತ್ರಿಸುತ್ತಲೇ ಹೋದರು. ಲಂಡನ್ನಿನಲ್ಲಿ ತಾಳ್ಮೆ ಕೆಟ್ಟಿತು. ಕೋರ್ಡಾ ಅವರ ಸಹೋದರ ಜೋಲ್ಟಾನ್ ಅವರು ಇಂಗ್ಲೆಂಡಿನ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಬಿಳಿಯ ಬೇಟೆಗಾರನ ದೃಶ್ಯಗಳನ್ನು ತೆಗೆದು ಸೇರಿಸಿದರು. 1937ರಲ್ಲಿ ಎಲಿಫೆಂಟ್ ಬಾಯ್ ಹೊರಬಂದಿತು. ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರಿಗೂ ಸೇರಿ ಬಂದಿತು. ಮೈಸೂರಿನ ಮಾವುತರ ಬದುಕು ಮಾತ್ರ ಅದರಲ್ಲಿ ಬಂದಿಲ್ಲವೆಂದೇ ನನ್ನ ಅನಿಸಿಕೆ. ಆನೆಗಳ ನಡೆಯೂ ಸಾಬುವಿನ ನಗುವೂ ಸತ್ಯ. ಉಳಿದದ್ದು ಸಾಹೇಬರ ಕಥೆ. ರಾಗಿ ಹೊಲಕ್ಕೂ ಬಾಳೆ ತೋಟಕ್ಕೂ ನುಗ್ಗುವ ಆನೆಗಳನ್ನು ತಮಟೆ ಬಡಿದು, ಪಟಾಕಿ ಸಿಡಿಸಿ ಅಟ್ಟುತ್ತ ರಾತ್ರಿಗಳನ್ನು ಕಳೆಯುವ ತಾಳವಾಡಿ ಸೀಮೆಯ ನಮಗೆ, ಆ ಚಿತ್ರದ ಆನೆಕಾಡು ಬೇರೊಂದು ಲೋಕದಂತೆ ತೋರುತ್ತದೆ. ಸಾಬು ಇಂಗ್ಲೆಂಡಿಗೂ ಅಲ್ಲಿಂದ ಹಾಲಿವುಡ್ಡಿಗೂ ಹೋಗಿ ನಟನಾಗಿ ಪ್ರಸಿದ್ಧನಾದನು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, 1963ರಲ್ಲಿ 39ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಹುಟ್ಟೂರಿನ ಸುತ್ತಣ ಕಾಡಿನಲ್ಲಿ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು.

ತಾಯ್ನಾಡಿಗೆ ಮರಳಿದ ಫ್ಲಾಹರ್ಟಿಯವರಿಂದ ಅಮೆರಿಕದ ಕೃಷಿ ಇಲಾಖೆ ಒಂದು ಚಿತ್ರ ಮಾಡಿಸಿತು. ಕೊಚ್ಚಿಹೋದ ಹೊಲಗಳು, ಪಾಳುಬಿದ್ದ ಮನೆಗಳು, ಯಂತ್ರ ಬಂದು ಕೂಲಿ ಕಳೆದುಕೊಂಡು ಹಳೆಯ ಕಾರುಗಳಲ್ಲಿ ಸಂಸಾರ ಹೇರಿಕೊಂಡು ಅಲೆಯುವ ಜನರು. ಅವರು ಮೊದಲ ಬಾರಿಗೆ ಅಜ್ಜಂದಿರ ಕಾಲವನ್ನು ಬಿಟ್ಟು ತಮ್ಮ ಕಣ್ಣೆದುರಿನ ಕಾಲವನ್ನು ತೋರಿಸಿದ್ದು ದಿ ಲ್ಯಾಂಡ್ ಎಂಬ ಈ ಚಿತ್ರದಲ್ಲಿ. 1942ರಲ್ಲಿ ಅದು ಸಿದ್ಧವಾಗುವ ಹೊತ್ತಿಗೆ ದೇಶ ಯುದ್ಧದಲ್ಲಿತ್ತು. ದೇಶದ ಬಡತನವನ್ನು ಜಗತ್ತಿಗೆ ತೋರಿಸುವುದು ಸರ್ಕಾರಕ್ಕೆ ಬೇಡವಾಯಿತು. ಚಿತ್ರ ಸಾರ್ವಜನಿಕ ಚಿತ್ರಮಂದಿರಗಳಿಗೆ ಬರಲೇ ಇಲ್ಲ. ಅವರ ಚಿತ್ರಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದುದು ಇದೇ, ಒರಟಾಗಿದ್ದರೂ. ಕೊನೆಯ ದೊಡ್ಡ ಚಿತ್ರ ಲೂಯಿಸಿಯಾನಾ ಸ್ಟೋರಿ 1948ರಲ್ಲಿ ಎಣ್ಣೆ ಕಂಪನಿಯೊಂದರ ಹಣದಿಂದ ತಯಾರಾಯಿತು. ಜೌಗುನಾಡಿನ ಹುಡುಗನೊಬ್ಬನ ಕಣ್ಣಿನಲ್ಲಿ ಎಣ್ಣೆಬಾವಿಯನ್ನು ಕಾಣಿಸುವ ಸುಂದರ ಚಿತ್ರ. ಎಣ್ಣೆಬಾವಿಯಿಂದ ಯಾರಿಗೂ ಯಾವ ಕೇಡೂ ಆಗದ ಚಿತ್ರವೂ ಹೌದು.

1951ರ ಜುಲೈ 23ರಂದು ವರ್ಮಾಂಟ್ ರಾಜ್ಯದ ತಮ್ಮ ತೋಟದಲ್ಲಿ ಫ್ಲಾಹರ್ಟಿಯವರು ನಿಧನರಾದರು. ಪತ್ನಿ ಫ್ರಾನ್ಸಿಸ್ ಅವರು 1955ರಲ್ಲಿ ಅವರ ಹೆಸರಿನಲ್ಲಿ ಚಿತ್ರಕಾರರ ವಾರ್ಷಿಕ ಸಮಾವೇಶವನ್ನು ಆರಂಭಿಸಿದರು.

ಅದೇ 1955ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಜೀವನಚರಿತ್ರೆ ಅರೆಯಾಗುತ್ತದೆ. ನ್ಯಾನೂಕ್ ಚಿತ್ರೀಕರಣದ ಕಾಲದಲ್ಲಿ ಫ್ಲಾಹರ್ಟಿಯವರಿಗೆ ಮ್ಯಾಗಿ ಎಂಬ ಇನೂಯಿಟ್ ಮಹಿಳೆಯಿಂದ ಒಬ್ಬ ಮಗನಾದನು. ಅವರು ಹಡಗು ಹತ್ತಿದ ಮೇಲೆ, 1921ರ ಕೊನೆಯಲ್ಲಿ ಹುಟ್ಟಿದ ಆ ಜೋಸೆಫಿಯನ್ನು ತಂದೆ ಎಂದೂ ತನ್ನವನೆಂದು ಒಪ್ಪಿಕೊಳ್ಳಲಿಲ್ಲ. ಹಿಮದ ನಾಡಿನ ತಂದೆಯ ಮಮತೆಯನ್ನು ಲೋಕಕ್ಕೆಲ್ಲ ತೋರಿಸಿದವರು ಅವರು. 1950ರ ದಶಕದಲ್ಲಿ ಕೆನಡಾ ಸರ್ಕಾರ ಇನುಕ್ಜುವಾಕ್‌ನ ಕೆಲವು ಕುಟುಂಬಗಳನ್ನು, ಬೇಟೆ ಹೇರಳವಾಗಿದೆ, ಬೇಡವಾದರೆ ಎರಡು ವರ್ಷಗಳಲ್ಲಿ ಮರಳಬಹುದು ಎಂದು ನಂಬಿಸಿ, ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣದ ದ್ವೀಪಗಳಿಗೆ ಸಾಗಿಸಿತು. 1955ರಲ್ಲಿ ಜೋಸೆಫಿಯ ಸಂಸಾರವೂ ಗ್ರೀಸ್ ಫಿಯೋರ್ಡ್ ಎಂಬಲ್ಲಿಗೆ ಹೋಯಿತು. ಮರಳಿ ಕರೆತರುವ ಮಾತನ್ನು ಸರ್ಕಾರ ನಡೆಸಲಿಲ್ಲ. ಹಿಮದಲ್ಲಿ ಹಳೆಯ ಕಾಲದ ಆಯುಧಗಳಿಂದ ಬದುಕು ನಡೆಸುವ ನ್ಯಾನೂಕನ ಚಿತ್ರವನ್ನು ನೋಡಿದ್ದ ಹೊರಗಿನ ಜಗತ್ತಿಗೆ, ಆ ಜನ ಎಲ್ಲಿ ಬಿಟ್ಟರೂ ಬದುಕಿಕೊಳ್ಳುವರೆಂಬ ಭಾವನೆ ಇದ್ದರೆ ಆಶ್ಚರ್ಯವೇನು?

ಈ ಅನ್ಯಾಯಕ್ಕಾಗಿ ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅದಕ್ಕಾಗಿ ವರ್ಷಗಳ ಕಾಲ ದನಿಯೆತ್ತಿದವರಲ್ಲಿ ಜೋಸೆಫಿಯ ಮಗಳು, ಅಂದರೆ ಫ್ಲಾಹರ್ಟಿಯವರ ಮೊಮ್ಮಗಳು ಮಾರ್ಥಾ ಒಬ್ಬರು. ಎಳೆಯ ವಯಸ್ಸಿನಲ್ಲಿ ಆ ಕತ್ತಲೆಯ ದ್ವೀಪಕ್ಕೆ ಹೋದ ಅವರ ಜೀವನವನ್ನು ಕುರಿತು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಒಂದು ಸಾಕ್ಷ್ಯಚಿತ್ರವನ್ನು ತಯಾರಿಸಿದೆ. ಅದರಲ್ಲಿ ನಡೆದುದನ್ನು ಹೇಳುವವರು ಮಾರ್ಥಾ ಅವರೇ.