ಬಾಗಿಲು ಮುಚ್ಚಿದ ಜಿಮ್‌ನಲ್ಲಿ ಗೆದ್ದ ಕೋಚ್: ಬ್ಯಾಸ್ಕೆಟ್‌ಬಾಲ್ ಗುರು ಜಾನ್ ಮೆಕ್ಲೆಂಡನ್ ಬದುಕಿನ ಕಥೆ

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ವ್ಯಕ್ತಿಯೇ ಅವರಿಗೆ ಗುರು. ಆದರೂ ತಾವು ಓದಿದ ವಿಶ್ವವಿದ್ಯಾಲಯದ ತಂಡದಲ್ಲಿ ಒಂದೇ ಒಂದು ಪಂದ್ಯ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಕಾರಣ ಒಂದೇ, ಮೈಬಣ್ಣ. ಆಟಗಾರನಾಗಲು ಬಿಡದಿದ್ದರೇನಂತೆ, ಅವರು ಕೋಚ್ ಆದರು. ಬೇರೆಯವರು ಕಣ್ಣೆತ್ತಿಯೂ ನೋಡದ ಹುಡುಗರನ್ನು ಕರೆತಂದು ಚಾಂಪಿಯನ್‌ಗಳನ್ನಾಗಿ ಮಾಡಿದರು. ಅವರೇ ಅಮೆರಿಕದ ಜಾನ್ ಮೆಕ್ಲೆಂಡನ್.

ಭಾರತದ ಕ್ರೀಡಾಪ್ರೇಮಿಗಳಿಗೆ ಈ ಹೆಸರು ಅಷ್ಟಾಗಿ ಪರಿಚಯವಿಲ್ಲ. ಆದರೆ ಇಂದು ಟಿವಿಯಲ್ಲಿ ಎನ್‌ಬಿಎ ಪಂದ್ಯ ನೋಡುವಾಗ ನಮ್ಮನ್ನು ಸೋಫಾದ ತುದಿಗೆ ತಂದು ಕೂರಿಸುವ ಆ ವೇಗದ ಆಟದ ಹಿಂದೆ ಇವರ ದುಡಿಮೆಯೂ ಇದೆ.

ಆಟ ಹುಟ್ಟಿಸಿದವರೇ ಗುರು

ಮೆಕ್ಲೆಂಡನ್ ಹುಟ್ಟಿದ್ದು 1915ರ ಏಪ್ರಿಲ್ 5ರಂದು, ಕ್ಯಾನ್ಸಸ್ ರಾಜ್ಯದ ಹಯವಾಥಾ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡರು. ಬೆಳೆದದ್ದು ಕ್ಯಾನ್ಸಸ್ ಸಿಟಿಯಲ್ಲಿ, ಓದಿದ್ದು ಕಪ್ಪು ವರ್ಣೀಯರಿಗೆಂದೇ ಇದ್ದ ಸಮ್ನರ್ ಹೈಸ್ಕೂಲಿನಲ್ಲಿ.

1933ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿದ್ದವರು ಜೇಮ್ಸ್ ನೈಸ್ಮಿತ್. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಬಾಲ್ಕನಿಗೆ ಹಣ್ಣಿನ ಬುಟ್ಟಿ ಕಟ್ಟಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ ಅದೇ ನೈಸ್ಮಿತ್. ಅದೇ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುಮಾಡಿದರು. ಚೆನ್ನೈನ ನಂದನಂ ಕಡೆ ಓಡಾಡುವ ಕನ್ನಡಿಗರಿಗೆ ಆ ಕಾಲೇಜು ಗೊತ್ತಿರುತ್ತದೆ. ಒಂದೇ ಬೇರಿನ ಎರಡು ಕೊಂಬೆಗಳಿವು.

ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಗ ಬಿಳಿಯರಿಗೆ ಮಾತ್ರ ಜಾಗ. ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ಈಜು ಕಡ್ಡಾಯವಾಗಿತ್ತು. ಆದರೆ ಮೆಕ್ಲೆಂಡನ್ ಕೊಳಕ್ಕಿಳಿದು ಈಜಿ ಬಂದ ಮೇಲೆ ಅದರ ನೀರನ್ನೆಲ್ಲ ಖಾಲಿ ಮಾಡಲಾಯಿತು. ಅವರು ಜಗಳಕ್ಕೆ ಹೋಗಲಿಲ್ಲ, ಸುಮ್ಮನೆ ಕೂರಲೂ ಇಲ್ಲ. ಪಟ್ಟು ಹಿಡಿದು ಆ ಕೊಳ ಎಲ್ಲರಿಗೂ ತೆರೆಯುವಂತೆ ಮಾಡಿದರು. ಬೆನ್ನಿಗೆ ನೈಸ್ಮಿತ್ ಇದ್ದರು.

ನೈಸ್ಮಿತ್ ಆಗ ತಂಡದ ಕೋಚ್ ಆಗಿರಲಿಲ್ಲ, ವಯಸ್ಸೂ ಎಪ್ಪತ್ತು ದಾಟಿತ್ತು. ಆದರೆ ಅವರೊಂದಿಗಿನ ಮಾತುಕತೆಯೇ ಮೆಕ್ಲೆಂಡನ್‌ಗೆ ಪಾಠವಾಯಿತು. ಚೆಂಡು ಎಲ್ಲಿದೆಯೋ ಅಲ್ಲೇ ಆಟ ಎಂಬುದು ಅದರಲ್ಲಿ ಮುಖ್ಯವಾದದ್ದು. 1936ರಲ್ಲಿ ಮೆಕ್ಲೆಂಡನ್ ಕ್ಯಾನ್ಸಸ್‌ನಿಂದ ದೈಹಿಕ ಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವರ್ಣೀಯರಾದರು. ಮರುವರ್ಷ ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದರು.

ಅಸಿಸ್ಟೆಂಟ್ ಕೋಚ್ ಆಗಿ ಮೊದಲ ಕೆಲಸ

1937ರಲ್ಲಿ ಅವರು ಸೇರಿದ್ದು ಡರ್ಹಮ್ ನಗರದ ನಾರ್ತ್ ಕೆರೊಲಿನಾ ಕಾಲೇಜ್ ಫಾರ್ ನೀಗ್ರೋಸ್. ಇಂದಿನ ನಾರ್ತ್ ಕೆರೊಲಿನಾ ಸೆಂಟ್ರಲ್ ಯೂನಿವರ್ಸಿಟಿ ಇದೇ. ಹುದ್ದೆ ಅಸಿಸ್ಟೆಂಟ್ ಕೋಚ್. ಮೂರು ವರ್ಷ ಹಾಗೆ ದುಡಿದು, 1940ರಲ್ಲಿ ಮುಖ್ಯ ಕೋಚ್ ಆದಾಗ ಅವರಿಗೆ 25 ವರ್ಷ.

ಅಮೆರಿಕದ ಕಾಲೇಜು ಕೋಚ್ ಅಂದರೆ ಸೀಟಿ ಊದಿ ಅಭ್ಯಾಸ ಮಾಡಿಸುವುದಷ್ಟೇ ಕೆಲಸವಲ್ಲ. ಹೈಸ್ಕೂಲುಗಳಿಗೆ ಹೋಗಿ ಹುಡುಗರ ಆಟ ನೋಡಬೇಕು, ಯಾರಲ್ಲಿ ಕಸುವಿದೆ ಎಂದು ಗುರುತಿಸಬೇಕು, ಅಪ್ಪ-ಅಮ್ಮನನ್ನು ಒಪ್ಪಿಸಿ ಕಾಲೇಜಿಗೆ ಕರೆತರಬೇಕು. ಇದನ್ನೇ ರಿಕ್ರೂಟಿಂಗ್ ಎನ್ನುತ್ತಾರೆ. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾದ ಸೀಟಿಗೆ ಹುಡುಗರೇ ಅರ್ಜಿ ಹಿಡಿದು ಕಾಲೇಜಿಗೆ ಹೋಗುತ್ತಾರೆ. ಅಲ್ಲಿ ಕಾಲೇಜೇ ಹುಡುಗನ ಮನೆ ಬಾಗಿಲಿಗೆ ಬರುತ್ತದೆ.

ಆದರೆ ಆ ಕಾಲದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಕಪ್ಪು ಹುಡುಗರ ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಆ ಹುಡುಗರಿಗಿದ್ದ ದಾರಿ ಕಪ್ಪು ವರ್ಣೀಯರ ಕಾಲೇಜು ಮಾತ್ರ. ಹೀಗಾಗಿ ಮೆಕ್ಲೆಂಡನ್ ಕೈಯಲ್ಲಿ ಹಣ ಕಡಿಮೆ ಇತ್ತು, ಸವಲತ್ತು ಕಡಿಮೆ ಇತ್ತು, ಪ್ರತಿಭೆಗೆ ಮಾತ್ರ ಬರವಿರಲಿಲ್ಲ.

ಉಳಿದ ತಂಡಗಳು ನಿಂತು, ಯೋಚಿಸಿ, ಎರಡೂ ಕೈಯಲ್ಲಿ ಚೆಂಡು ಹಿಡಿದು ನಿಧಾನಕ್ಕೆ ಆಡುತ್ತಿದ್ದ ಕಾಲವದು. ಮೆಕ್ಲೆಂಡನ್ ಹುಡುಗರು ಮೊದಲ ನಿಮಿಷದಿಂದಲೇ ಓಡುತ್ತಿದ್ದರು. ಚೆಂಡು ಸಿಕ್ಕಿದ ಕೂಡಲೇ ಎದುರಾಳಿ ಸಾವರಿಸಿಕೊಳ್ಳುವ ಮುನ್ನ ಬುಟ್ಟಿಯತ್ತ ನುಗ್ಗುವ ಫಾಸ್ಟ್ ಬ್ರೇಕ್, ಅಂಕಣದ ಉದ್ದಕ್ಕೂ ಎದುರಾಳಿಗೆ ಉಸಿರಾಡಲು ಬಿಡದ ಫುಲ್ ಕೋರ್ಟ್ ಪ್ರೆಸ್, ಇವೇ ಅವರ ಅಸ್ತ್ರಗಳು. ಅಷ್ಟು ಓಡಲು ಕಾಲಿನಲ್ಲಿ ಶಕ್ತಿ ಬೇಕು. ಅದಕ್ಕಾಗಿ ಪಂದ್ಯಗಳು ಶುರುವಾಗುವ ಮೊದಲೇ ಮೈಲುಗಟ್ಟಲೆ ಓಡಿಸಿ ಹುಡುಗರನ್ನು ಹುರಿಗೊಳಿಸುತ್ತಿದ್ದರು.

ಯಾರಿಗೂ ಹೇಳದ ಪಂದ್ಯ

ಅದೇ ಡರ್ಹಮ್‌ನಲ್ಲಿ ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯವೂ ಇತ್ತು. ಯುದ್ಧದ ಕಾಲವಾದ್ದರಿಂದ ಅದರ ವೈದ್ಯಕೀಯ ಕಾಲೇಜಿನಲ್ಲಿ ಬೇರೆ ಬೇರೆ ಕಡೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿದ್ದ ಹುಡುಗರು ಸೇರಿಕೊಂಡಿದ್ದರು. ಆ ತಂಡವೂ ಬಲಿಷ್ಠ, ಮೆಕ್ಲೆಂಡನ್ ತಂಡವೂ ಬಲಿಷ್ಠ. ಎರಡೂ ಕಡೆಯ ಕೆಲವು ವಿದ್ಯಾರ್ಥಿಗಳು ವೈಎಂಸಿಎ ಸಭೆಗಳಲ್ಲಿ ಗುಟ್ಟಾಗಿ ಭೇಟಿಯಾಗುತ್ತಿದ್ದರು. ಯಾರ ತಂಡ ಮೇಲು ಎಂಬ ಮಾತು ಅಲ್ಲೇ ಬಂತು.

ಆದರೆ ಬಿಳಿಯರೂ ಕಪ್ಪು ವರ್ಣೀಯರೂ ಒಂದೇ ಅಂಕಣದಲ್ಲಿ ಆಡುವುದನ್ನು ಆ ಊರು ಒಪ್ಪುತ್ತಿರಲಿಲ್ಲ. ಅದೆಷ್ಟು ಅಪಾಯಕಾರಿ ಎಂಬುದಕ್ಕೆ ಅದೇ ವರ್ಷದ ಜುಲೈನಲ್ಲಿ ನಡೆದ ಘಟನೆಯೇ ಸಾಕ್ಷಿ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುವ ವಿಚಾರದಲ್ಲಿ ಮಾತಿಗೆ ಮಾತು ಬೆಳೆದು, ಸಮವಸ್ತ್ರದಲ್ಲಿದ್ದ ಕಪ್ಪು ಸೈನಿಕನನ್ನು ಡರ್ಹಮ್‌ನ ಬಿಳಿಯ ಬಸ್ ಚಾಲಕ ಗುಂಡಿಕ್ಕಿ ಕೊಂದ. ನ್ಯಾಯಾಲಯ ಚಾಲಕನನ್ನು ಖುಲಾಸೆ ಮಾಡಿತು.

ಇಂಥ ಊರಿನಲ್ಲಿ ಮೆಕ್ಲೆಂಡನ್ ಪಂದ್ಯಕ್ಕೆ ಒಪ್ಪಿದರು. 1944ರ ಮಾರ್ಚ್ 12, ಭಾನುವಾರ ಬೆಳಗ್ಗೆ. ಊರಿನ ಬಹುತೇಕರು, ಪೊಲೀಸರೂ ಸೇರಿದಂತೆ, ಚರ್ಚ್‌ನಲ್ಲಿರುವ ಹೊತ್ತು. ಡ್ಯೂಕ್ ಹುಡುಗರು ಸುತ್ತುದಾರಿ ಹಿಡಿದು, ಮುಖ ಕಾಣದಂತೆ ಜಾಕೆಟ್ ಎಳೆದುಕೊಂಡು ಬಂದರು. ಜಿಮ್ ಒಳಗೆ ಸೇರಿದ ಮೇಲೆ ಬಾಗಿಲಿಗೆ ಬೀಗ ಬಿತ್ತು. ರೆಫರಿ ಇದ್ದರು, ಗಡಿಯಾರ ಇತ್ತು, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.

ಮೊದಲ ಕೆಲವು ನಿಮಿಷ ಎರಡೂ ತಂಡಗಳ ಕೈ ನಡುಗಿತು. ಆಮೇಲೆ ಮೆಕ್ಲೆಂಡನ್ ಹುಡುಗರು ಓಡಲು ಶುರುಮಾಡಿದರು. ಕೊನೆಗೆ ಸ್ಕೋರ್ 88-44. ನಿಜವಾದ ಅಚ್ಚರಿ ನಡೆದದ್ದು ಅದಾದ ಮೇಲೆ. ಸ್ವಲ್ಪ ದಣಿವಾರಿಸಿಕೊಂಡು, ಆಟಗಾರರು ಎರಡೂ ತಂಡಗಳನ್ನು ಬೆರೆಸಿ ಇನ್ನೊಂದು ಪಂದ್ಯ ಆಡಿದರು. ಬಿಳಿಯರು, ಕಪ್ಪು ವರ್ಣೀಯರು ಒಂದೇ ತಂಡದಲ್ಲಿ!

ಈ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. 1996ರಲ್ಲಿ ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಬರೆದಾಗಲೇ ಜಗತ್ತಿಗೆ ಗೊತ್ತಾದದ್ದು. ಅಂದರೆ ತನ್ನ ಬದುಕಿನ ದೊಡ್ಡ ಗೆಲುವೊಂದನ್ನು ಕೋಚ್ ಐವತ್ತು ವರ್ಷ ದಾಖಲೆಯಿಲ್ಲದೆ ಇಟ್ಟುಕೊಂಡಿದ್ದರು.

ಹುಡುಕಿ ತಂದ ಹುಡುಗರು

ಡರ್ಹಮ್‌ನಲ್ಲಿ ಮೆಕ್ಲೆಂಡನ್ ತರಬೇತಿಯಲ್ಲಿ ಬೆಳೆದ ಹೆರಾಲ್ಡ್ ಹಂಟರ್ 1950ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಜತೆ ಸಹಿ ಹಾಕಿದರು. ಎನ್‌ಬಿಎ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಕಪ್ಪು ಆಟಗಾರ ಎಂಬ ಹೆಸರು ಅವರದು. ಪಂದ್ಯ ಆಡುವ ಮೊದಲೇ ತಂಡ ಅವರನ್ನು ಕೈಬಿಟ್ಟಿತಾದರೂ, ಅವರೂ ಮುಂದೆ ಗುರುವಿನ ಹಾದಿಯಲ್ಲೇ ಕೋಚ್ ಆದರು.

1951ರಲ್ಲಿ ಮೆಕ್ಲೆಂಡನ್ ಕಾಲೇಜಿಗೆ ಕರೆತಂದ ಇನ್ನೊಬ್ಬ ಹುಡುಗ ಸ್ಯಾಮ್ ಜೋನ್ಸ್. ಎನ್‌ಬಿಎಯ ದೊಡ್ಡವರಿಗೆ ಈತ ಎಷ್ಟು ಅಪರಿಚಿತನೆಂದರೆ, 1957ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಆಯ್ಕೆ ಮಾಡಿದಾಗ ಅದರ ಕೋಚ್ ರೆಡ್ ಆರ್‌ಬ್ಯಾಕ್ ಈತನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಅದೇ ಜೋನ್ಸ್ 10 ಬಾರಿ ಎನ್‌ಬಿಎ ಚಾಂಪಿಯನ್ ತಂಡದಲ್ಲಿದ್ದರು. ಇದಕ್ಕಿಂತ ಹೆಚ್ಚು ಪ್ರಶಸ್ತಿ ಗೆದ್ದ ಆಟಗಾರ ಬಿಲ್ ರಸೆಲ್ ಒಬ್ಬರೇ.

ಹ್ಯಾಂಪ್ಟನ್‌ನಲ್ಲಿ ಎರಡು ವರ್ಷ ಕಳೆದು, 1954ರಲ್ಲಿ ಮೆಕ್ಲೆಂಡನ್ ನ್ಯಾಶ್‌ವಿಲ್ ನಗರದ ಟೆನೆಸ್ಸೀ ಎ ಆ್ಯಂಡ್ ಐ ಕಾಲೇಜಿಗೆ ಬಂದರು. ಸಣ್ಣ ಕಾಲೇಜುಗಳ ರಾಷ್ಟ್ರೀಯ ಸಂಘಟನೆ ಎನ್‌ಎಐಎ ತನ್ನ ಟೂರ್ನಿಯ ಬಾಗಿಲನ್ನು ಕಪ್ಪು ವರ್ಣೀಯರ ಕಾಲೇಜುಗಳಿಗೆ 1953ರಲ್ಲಷ್ಟೇ ತೆರೆದಿತ್ತು. ಆಹ್ವಾನ ಬಂದರೆ ಸಾಲದು, ಬಿಳಿಯ ತಂಡಗಳು ಉಳಿದುಕೊಳ್ಳುವ ಹೋಟೆಲಿನಲ್ಲೇ ತನ್ನ ಹುಡುಗರಿಗೂ ಕೋಣೆ ಕೊಡಬೇಕು, ಅಲ್ಲೇ ಊಟ ಹಾಕಬೇಕು ಎಂದು ಮೆಕ್ಲೆಂಡನ್ ಷರತ್ತು ಹಾಕಿದರು. ಷರತ್ತು ಒಪ್ಪಿದ ಮೇಲೆಯೇ ತಂಡ ಹೊರಟಿತು.

ಇಂಡಿಯಾನಾ ರಾಜ್ಯದ ಗ್ಯಾರಿ ಪಟ್ಟಣದ ಡಿಕ್ ಬಾರ್ನೆಟ್, ಅದೇ ರಾಜ್ಯದ ಎವಾನ್ಸ್‌ವಿಲ್‌ನ ಜಾನ್ ಬಾರ್ನ್‌ಹಿಲ್ ಮೊದಲಾದವರನ್ನು ಕಟ್ಟಿಕೊಂಡು ಅವರು 1957, 1958 ಮತ್ತು 1959ರಲ್ಲಿ ಸತತ ಮೂರು ಬಾರಿ ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಕಪ್ಪು ವರ್ಣೀಯರ ಕಾಲೇಜೊಂದು ಎಲ್ಲರ ಜತೆ ಸೆಣಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಬಾರ್ನೆಟ್ ಮುಂದೆ ನ್ಯೂಯಾರ್ಕ್ ನಿಕ್ಸ್ ಪರ ಎರಡು ಬಾರಿ ಎನ್‌ಬಿಎ ಚಾಂಪಿಯನ್ ಆದರು.

ಮೊದಲಿಗನ ಪಟ್ಟ, ಮುಗಿಯದ ಪರೀಕ್ಷೆ

1961ರಲ್ಲಿ ಕ್ಲೀವ್‌ಲ್ಯಾಂಡ್ ಪೈಪರ್ಸ್ ತಂಡ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್ ಸೇರಿದಾಗ ಅದರ ಕೋಚ್ ಮೆಕ್ಲೆಂಡನ್. ವೃತ್ತಿಪರ ಲೀಗ್‌ನಲ್ಲಿ ಮುಖ್ಯ ಕೋಚ್ ಆದ ಮೊದಲ ಕಪ್ಪು ವರ್ಣೀಯ ಎಂಬ ಗೌರವ ಸಿಕ್ಕಿತು. ಆದರೆ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಜತೆ ಹೊಂದಾಣಿಕೆಯಾಗದೆ ಋತುವಿನ ಮಧ್ಯದಲ್ಲೇ ಹುದ್ದೆ ಬಿಟ್ಟರು.

1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಅವರನ್ನು ನೇಮಿಸಿಕೊಂಡಿತು. ಬಿಳಿಯರೇ ಹೆಚ್ಚಿದ್ದ ವಿಶ್ವವಿದ್ಯಾಲಯಕ್ಕೆ ಕಪ್ಪು ವರ್ಣೀಯರೊಬ್ಬರು ಮುಖ್ಯ ಕೋಚ್ ಆದದ್ದು ಅದೇ ಮೊದಲು. ಅಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಕೋಚಿಂಗ್ ಬಳಗದಲ್ಲೂ ಅವರಿದ್ದರು. 1969ರಲ್ಲಿ ಡೆನ್ವರ್ ರಾಕೆಟ್ಸ್ ತಂಡದ ಹೊಣೆ ಸಿಕ್ಕಿತಾದರೂ 28 ಪಂದ್ಯಗಳಿಗೇ ಅದು ಮುಗಿಯಿತು. ಆಮೇಲೆ ಶೂ ಕಂಪನಿ ಕಾನ್ವರ್ಸ್ ಪರವಾಗಿ ಊರೂರು ಸುತ್ತಿ ಆಟ ಹೇಳಿಕೊಟ್ಟರು.

ಗೆದ್ದು ಕಳೆದುಕೊಂಡದ್ದು

ಮೆಕ್ಲೆಂಡನ್ ಸತತ ಮೂರು ಪ್ರಶಸ್ತಿ ಗೆದ್ದ ನ್ಯಾಶ್‌ವಿಲ್‌ನಲ್ಲೇ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವೂ ಇದೆ. 1967ರಲ್ಲಿ ಪೆರಿ ವ್ಯಾಲೇಸ್ ಅದರ ಮುಖ್ಯ ತಂಡದಲ್ಲಿ ಆಡಿ, ದಕ್ಷಿಣದ ಪ್ರತಿಷ್ಠಿತ ಎಸ್‌ಇಸಿ ಒಕ್ಕೂಟದ ಮೊದಲ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡರು. ಅವರು ನ್ಯಾಶ್‌ವಿಲ್‌ನ ಪರ್ಲ್ ಹೈಸ್ಕೂಲಿನ ಹುಡುಗ. ಹತ್ತು ವರ್ಷ ಮೊದಲಾಗಿದ್ದರೆ ಅಂಥ ಹುಡುಗನಿಗೆ ಸ್ವಂತ ಊರಿನಲ್ಲಿದ್ದ ದಾರಿ ಮೆಕ್ಲೆಂಡನ್ ತಂಡದಂಥ ಕಪ್ಪು ವರ್ಣೀಯರ ಕಾಲೇಜು ತಂಡ ಮಾತ್ರ. ಇತ್ತ ಗುಟ್ಟಿನ ಪಂದ್ಯ ನಡೆದ ಡರ್ಹಮ್‌ನಲ್ಲಿ, ಡ್ಯೂಕ್ ತಂಡಕ್ಕೆ ಮೊದಲ ಕಪ್ಪು ಆಟಗಾರ ಸಿ.ಬಿ. ಕ್ಲೈಬೋರ್ನ್ ಬಂದಾಗ 1966. ಆ ಭಾನುವಾರ ಕಳೆದು 22 ವರ್ಷವಾಗಿತ್ತು.

ಬಾಗಿಲು ತೆರೆದ ಮೇಲೆ ದೊಡ್ಡ ವಿಶ್ವವಿದ್ಯಾಲಯಗಳ ರಿಕ್ರೂಟರ್‌ಗಳು ಕಪ್ಪು ಹುಡುಗರ ಮನೆಗಳ ಮುಂದೆ ಸಾಲುಗಟ್ಟಿದರು. ಅವರ ಬಳಿ ಹಣವಿತ್ತು, ದೊಡ್ಡ ಕ್ರೀಡಾಂಗಣವಿತ್ತು, ಟಿವಿ ಇತ್ತು. ಮೆಕ್ಲೆಂಡನ್ ಕಟ್ಟಿದಂಥ ಕಾಲೇಜುಗಳು ತಮ್ಮ ಅತ್ಯುತ್ತಮ ಹುಡುಗರನ್ನು ಕಳೆದುಕೊಂಡವು. ಈ ಹುಡುಗರು ಯಾರಿಗೂ ಕಡಿಮೆಯಿಲ್ಲ ಎಂದು ಸಾಬೀತು ಮಾಡಲು ಅವರು ಬದುಕು ಸವೆಸಿದರು. ಸಾಬೀತಾದ ದಿನವೇ ಹುಡುಗರು ಬೇರೆಡೆ ಹೊರಟರು. ಕ್ರೀಡಾ ಇತಿಹಾಸದಲ್ಲಿ ಇಷ್ಟು ದುಬಾರಿಯಾದ ಗೆಲುವುಗಳು ಹೆಚ್ಚಿಲ್ಲ. ಹಾಗೆಂದು ಹುಡುಗನೊಬ್ಬನ ಮುಂದೆ ಒಂದೇ ಬಾಗಿಲಿದ್ದ ಕಾಲವೇ ಚೆನ್ನಾಗಿತ್ತು ಎನ್ನಲು ಯಾರಿಂದಲೂ ಆಗದು, ಈಜುಕೊಳದ ನೀರು ಖಾಲಿಯಾದದ್ದನ್ನು ಕಂಡಿದ್ದ ಮೆಕ್ಲೆಂಡನ್ ಅವರಿಂದಂತೂ ಸಾಧ್ಯವೇ ಇರಲಿಲ್ಲ.

ತಡವಾಗಿ ಬಂದ ಗೌರವ

ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಅವರ ಗುರು ನೈಸ್ಮಿತ್ ಅವರದೇ ಹೆಸರು. 1979ರಲ್ಲಿ ಮೆಕ್ಲೆಂಡನ್ ಅಲ್ಲಿ ಸ್ಥಾನ ಪಡೆದರು. ಆದರೆ ಕೋಚ್ ಎಂದಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಎಂಬ ಪಟ್ಟಿಯಲ್ಲಿ. 1999ರ ಅಕ್ಟೋಬರ್ 8ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೋಚ್ ಎಂಬ ಹೆಸರಿನಲ್ಲೇ ಅವರನ್ನು ಮತ್ತೊಮ್ಮೆ ಗೌರವಿಸಿದ್ದು 2016ರಲ್ಲಿ.

ಅವರ ಟೆನೆಸ್ಸೀ ತಂಡಕ್ಕೂ ಹಾಲ್ ಆಫ್ ಫೇಮ್ ಸಿಗಬೇಕೆಂದು ಹಳೆಯ ಶಿಷ್ಯ ಡಿಕ್ ಬಾರ್ನೆಟ್ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಆ ತಂಡಕ್ಕೆ ಜಾಗ ಸಿಕ್ಕಿತು. ಐದು ವರ್ಷದ ನಂತರ, ಬದುಕುಳಿದಿದ್ದ ಆಟಗಾರರಿಗೆ ಶ್ವೇತಭವನದ ಆಹ್ವಾನ ಬಂತು. ಆ ಹೊತ್ತಿಗೆ ಅವರೆಲ್ಲ ಎಂಬತ್ತು ದಾಟಿದ್ದ ಅಜ್ಜಂದಿರು.

ಡರ್ಹಮ್‌ನ ನಾರ್ತ್ ಕೆರೊಲಿನಾ ಸೆಂಟ್ರಲ್ ಯೂನಿವರ್ಸಿಟಿಯ ತಂಡ ಇಂದು ಆಡುವ ಒಳಾಂಗಣಕ್ಕೆ ಮೆಕ್‌ಡೂಗಲ್ಡ್-ಮೆಕ್ಲೆಂಡನ್ ಎಂದು ಹೆಸರು. ಅಲ್ಲಿ ಪಂದ್ಯವಿದ್ದ ದಿನ ಬಾಗಿಲು ತೆರೆದೇ ಇರುತ್ತದೆ. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು.