ಚಾರ್ಲ್ಸ್ ಎಫ್. ಬ್ರಷ್

ಚಾರ್ಲ್ಸ್ ಫ್ರಾನ್ಸಿಸ್ ಬ್ರಷ್ (17 ಮಾರ್ಚ್ 1849 – 15 ಜೂನ್ 1929) ಅಮೆರಿಕದ ವಿದ್ಯುತ್ ತಂತ್ರಜ್ಞ, ಉದ್ಯಮಿ. ಒಹಾಯೊ ರಾಜ್ಯದ ಯೂಕ್ಲಿಡ್‌ನಲ್ಲಿ ಜನಿಸಿದ ಈತ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಗಣಿ ಎಂಜಿನಿಯರಿಂಗ್ ಓದಿದನಾದರೂ ಒಲವು ವಿದ್ಯುತ್ತಿನ ಕಡೆಗೇ ಇತ್ತು. 1879ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಚೌಕದಲ್ಲಿ ಈತನ ಚಾಪದೀಪಗಳು ಬೆಳಗಿ ಹಣವನ್ನೂ ಹೆಸರನ್ನೂ ತಂದವು.

ಆದರೆ ಹೆಚ್ಚು ಗಮನಾರ್ಹವಾದುದು 1888ರಲ್ಲಿ ತನ್ನ ಮನೆಯ ಹಿತ್ತಲಿನಲ್ಲಿ ನಿಲ್ಲಿಸಿದ ಗಾಳಿಯಂತ್ರ. ಸುಮಾರು 17 ಮೀಟರ್ ವ್ಯಾಸದ ಅದರ ಚಕ್ರಕ್ಕೆ 144 ಮರದ ಅಲಗುಗಳಿದ್ದವು. 12 ಕಿಲೋವಾಟ್ ಸಾಮರ್ಥ್ಯದ ಡೈನಮೊ ನೆಲಮಾಳಿಗೆಯ 408 ಬ್ಯಾಟರಿ ಕೋಶಗಳನ್ನು ತುಂಬುತ್ತಿತ್ತು. ತೊಡಕಿದ್ದುದು ಗಾಳಿಯ ಚಂಚಲತೆಯಲ್ಲಿ. ಬಿರುಸಾದರೆ ವೋಲ್ಟೇಜ್ ಏರಿ ಬ್ಯಾಟರಿ ಕೆಡುತ್ತದೆ. ತಗ್ಗಿದರೆ ಕೂಡಿಟ್ಟ ವಿದ್ಯುತ್ತು ಡೈನಮೊ ಕಡೆಗೆ ಹಿಂದಕ್ಕೆ ಹರಿದು ಪೋಲಾಗುತ್ತದೆ. ಬ್ರಷ್ ಅಳವಡಿಸಿದ ಸ್ವಯಂಚಾಲಿತ ಸಾಧನವು 75 ವೋಲ್ಟ್ ತಲುಪಿದಾಗ ಮಂಡಲವನ್ನು ಕೂಡಿಸಿ, 70ಕ್ಕೆ ಇಳಿದಾಗ ಬಿಡಿಸುತ್ತಿತ್ತು. ನಿಯಂತ್ರಕವೊಂದು 90 ಮೀರಗೊಡುತ್ತಿರಲಿಲ್ಲ. ಇಂದು ಅಂಗೈಯಗಲದ ಎಲೆಕ್ಟ್ರಾನಿಕ್ ಚಾರ್ಜ್ ನಿಯಂತ್ರಕ ಮಾಡುವ ಕೆಲಸ ಇದೇ. ಟ್ರಾನ್ಸಿಸ್ಟರಿನ ಹೆಸರೇ ಇಲ್ಲದ ಆ ಕಾಲದಲ್ಲಿ ಅದನ್ನು ವಿದ್ಯುತ್ಕಾಂತಗಳು, ಸ್ವಿಚ್ಚುಗಳೇ ನಿರ್ವಹಿಸಿದವು.

ಯಂತ್ರವು ಸುಮಾರು 20 ವರ್ಷ ದುಡಿಯಿತು. ಬ್ರಷ್ ಕ್ಲೀವ್‌ಲ್ಯಾಂಡಿನಲ್ಲೇ ನಿಧನನಾದ. ಆ ಬಳಿಕ ಮನೆಯನ್ನೂ ಕೆಡವಲಾಯಿತು.