ಸರ್ ವಾಲ್ಟರ್ ಸ್ಕಾಟನ ದಿನಚರ್ಯೆ

ಸರ್ ವಾಲ್ಟರ್ ಸ್ಕಾಟನ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಆದರೆ 'ಐವನ್‌ಹೋ' ಕಥೆಯನ್ನು ಓದಿ ಆನಂದಿಸಿದವರಿಗೂ ಅದನ್ನು ಬರೆದಾತನ ಕೊನೆಯ ಆರೇಳು ವರ್ಷಗಳ ವೃತ್ತಾಂತವು ಅಷ್ಟಾಗಿ ತಿಳಿದಿರಲಾರದು. ಆತನ ಕಥೆಗಳೆಲ್ಲಕ್ಕಿಂತಲೂ ಆ ವೃತ್ತಾಂತವೇ ಹೆಚ್ಚು ಬೋಧಪ್ರದವೆಂದು ನಮ್ಮ ಎಣಿಕೆ.

ಸ್ಕಾಟನು 1771ನೆಯ ಇಸವಿ ಆಗಸ್ಟ್ 15ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದನು. ಒಂದೂವರೆ ವರ್ಷದ ಮಗುವಾಗಿದ್ದಾಗಲೇ ಕಾಯಿಲೆಯಿಂದ ಬಲಗಾಲು ಊನವಾಯಿತು. ಆರೋಗ್ಯಕ್ಕಾಗಿ ಅಜ್ಜನ ಹಳ್ಳಿಗೆ ಕಳುಹಿಸಲ್ಪಟ್ಟ ಆ ಬಾಲಕನು ಅಲ್ಲಿ ಹಿರಿಯರ ಬಾಯಿಂದ ಹಳೆಯ ಕಥೆಗಳನ್ನೂ ಲಾವಣಿಗಳನ್ನೂ ಕೇಳುತ್ತ ಬೆಳೆದನು. ಮುಂದೆ ನ್ಯಾಯವಾದಿಯಾಗಿ, ನ್ಯಾಯಸ್ಥಾನದಲ್ಲಿ ಉದ್ಯೋಗವನ್ನು ಪಡೆದು, ಕವಿಯೆಂದು ಕೀರ್ತಿವಂತನಾದನು. 1814ರಲ್ಲಿ ತನ್ನ ಹೆಸರನ್ನು ಮರೆಮಾಡಿ 'ವೇವರ್ಲಿ' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಟ್ವೀಡ್ ನದಿಯ ದಡದಲ್ಲಿ ಅಬಟ್ಸ್‌ಫರ್ಡ್ ಎಂಬ ಭವ್ಯ ಗೃಹವನ್ನು ಕಟ್ಟಿಸಿದನು.

ಈ ಸುಖದ ದಿನಗಳಲ್ಲಿಯೇ ಆತನು ಒಂದು ನಿಯಮವನ್ನು ರೂಢಿಸಿಕೊಂಡಿದ್ದನು. ಬೆಳಿಗ್ಗೆ ಐದು ಗಂಟೆಗೆ ಏಳುವನು. ಚಳಿಗಾಲದಲ್ಲಿ ಆಳನ್ನು ಎಬ್ಬಿಸದೆ ತಾನೇ ಬೆಂಕಿ ಹೊತ್ತಿಸುವನು. ಕ್ಷೌರಮಾಡಿಕೊಂಡು, ಉಡುಪು ಧರಿಸಿ, ಆರಕ್ಕೆ ಸರಿಯಾಗಿ ಮೇಜಿನ ಮುಂದೆ ಕುಳಿತುಕೊಳ್ಳುವನು. ಮನೆಯವರು ಉಪಾಹಾರಕ್ಕೆ ಕೂಡುವಷ್ಟರಲ್ಲಿ ದಿನದ ಬರಹದ ಬಹುಭಾಗ ಮುಗಿದಿರುತ್ತಿತ್ತು. ಮಧ್ಯಾಹ್ನದ ಮೇಲೆ ಕುದುರೆ, ನಾಯಿಗಳು, ಗಿಡಗಳು ಮತ್ತು ಅತಿಥಿಗಳು.

ಆದರೆ ಆತನಲ್ಲಿ ಒಂದು ದೋಷವಿತ್ತು. ಬರವಣಿಗೆಯಲ್ಲಿದ್ದ ಶಿಸ್ತು ಹಣದ ವಿಷಯದಲ್ಲಿರಲಿಲ್ಲ. ಇನ್ನೂ ಬರೆಯದ ಪುಸ್ತಕಗಳ ಹಣವನ್ನು ಹೊಲಕ್ಕೂ ಮನೆಗೂ ವೆಚ್ಚಮಾಡುತ್ತಿದ್ದನು. ಅಲ್ಲದೆ ಬ್ಯಾಲಂಟೈನ್ ಮುದ್ರಣಾಲಯದಲ್ಲಿ ಗುಪ್ತವಾಗಿ ಪಾಲುಗಾರನಾಗಿದ್ದನು. 1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿದಾಗ, ಆತನ ಪ್ರಕಾಶಕ ಕಾನ್‌ಸ್ಟಬಲನೂ ಮುದ್ರಣಾಲಯವೂ ಒಂದರ ಹಿಂದೊಂದು ಬಿದ್ದುವು. 1826ರ ಜನವರಿಯಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಆತನ ತಲೆಯ ಮೇಲೆ 1,20,000 ಪೌಂಡುಗಳಿಗೂ ಮಿಕ್ಕ ಸಾಲವು ಬಿದ್ದಿತು.

ದಿವಾಳಿಯೆಂದು ಸಾರಿದ್ದರೆ ಕಾನೂನು ಆತನನ್ನು ಬಿಡಿಸುತ್ತಿತ್ತು. ಗೆಳೆಯರು ಹಣ ಕೊಡಲು ಮುಂದೆ ಬಂದರು. ಎರಡನ್ನೂ ಒಲ್ಲದೆ, ಸಾಲಗಾರರಿಂದ ಕಾಲಾವಕಾಶವನ್ನು ಮಾತ್ರ ಬೇಡಿ, ತನ್ನ ಲೇಖನಿಯ ದುಡಿಮೆಯನ್ನೆಲ್ಲ ಅವರಿಗೆ ಒಪ್ಪಿಸಿದನು. ಎಡಿನ್‌ಬರೋವಿನ ಮನೆ ಮಾರಲ್ಪಟ್ಟಿತು. ಅದೇ ಮೇ 15ರಂದು ಪತ್ನಿ ಷಾರ್ಲಟ್ ಅಬಟ್ಸ್‌ಫರ್ಡಿನಲ್ಲಿ ತೀರಿಕೊಂಡಳು. ಉದ್ಯೋಗನಿಮಿತ್ತ ನಗರದ ಬಾಡಿಗೆ ಕೊಠಡಿಯಲ್ಲಿದ್ದ ಸ್ಕಾಟನಿಗೆ ಕಡೆಯ ಗಳಿಗೆಯಲ್ಲಿ ಆಕೆಯ ಬಳಿಯಿರುವ ಭಾಗ್ಯವೂ ದೊರೆಯಲಿಲ್ಲ.

ಆಗ ಆತನನ್ನು ನಿಲ್ಲಿಸಿದುದು ಯಾವ ಹೊಸ ಸಂಕಲ್ಪವೂ ಅಲ್ಲ. ಹಳೆಯ ಬೆಳಗಿನ ಅಭ್ಯಾಸವೇ. ಮನಸ್ಸು ಒಡೆದಿದ್ದರೂ ಕೈ ತನ್ನ ಕೆಲಸವನ್ನು ಬಲ್ಲುದಾಗಿತ್ತು. ದಿನಕ್ಕೆ ಇಷ್ಟು ಪುಟವೆಂದು ಗೊತ್ತುಮಾಡಿಕೊಂಡು ಬರೆಯುತ್ತಿದ್ದನು. ಬರೆದುದನ್ನೂ, ಬರೆಯಲಾಗದೆ ಕಳೆದ ದಿನವನ್ನೂ, ಕಣ್ಣೀರನ್ನೂ ದಿನಚರಿಯಲ್ಲಿ ಪ್ರಾಮಾಣಿಕವಾಗಿ ಗುರುತಿಸಿದನು. 1827ರಲ್ಲಿ ನೆಪೋಲಿಯನ್ನನ ಚರಿತ್ರೆಯು ಒಂಬತ್ತು ಸಂಪುಟಗಳಾಗಿ ಹೊರಬಂದಿತು. ರೋಗಿಯಾದ ಮೊಮ್ಮಗನಿಗೋಸ್ಕರ ಸ್ಕಾಟ್ಲೆಂಡಿನ ಇತಿಹಾಸವನ್ನು ಕಥಾರೂಪವಾಗಿ ರಚಿಸಿದನು. ಎರಡೇ ವರ್ಷಗಳಲ್ಲಿ ಸುಮಾರು 40,000 ಪೌಂಡುಗಳನ್ನು ಸಾಲಗಾರರಿಗಾಗಿ ಸಂಪಾದಿಸಿದನು. 1830ರ ಡಿಸೆಂಬರಿನಲ್ಲಿ ಅವರು ಮೆಚ್ಚಿ, ಆತನ ಪುಸ್ತಕಭಂಡಾರವನ್ನೂ ಗೃಹೋಪಕರಣಗಳನ್ನೂ ಆತನಿಗೇ ಕಾಣಿಕೆಯಾಗಿ ಹಿಂದಿರುಗಿಸಿದರು.

ಆದರೆ ಈ ಚರಿತ್ರೆಯ ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ಹಿಂದೆ ಮಧ್ಯಾಹ್ನಕ್ಕೆ ಲೇಖನಿಯನ್ನಿಡುತ್ತಿದ್ದವನು ಈಗ ದಿನವಿಡೀ ದುಡಿದನು. ಆ ವರ್ಷದ ಫೆಬ್ರವರಿಯಲ್ಲಿಯೇ ಪಾರ್ಶ್ವವಾಯು ಬಡಿದಿತ್ತು. ವೈದ್ಯರು ತಡೆದರೂ ಬರೆಯುವುದನ್ನು ಬಿಡಲಿಲ್ಲ. ಆರೋಗ್ಯಕ್ಕಾಗಿ ಮಾಲ್ಟಾ, ನೇಪಲ್ಸ್‌ಗಳಿಗೆ ಹೋಗಿ, ಮನೆಯನ್ನು ಹಂಬಲಿಸಿ ಮರಳಿ, 1832ನೆಯ ಸೆಪ್ಟೆಂಬರ್ 21ರಂದು ಅಬಟ್ಸ್‌ಫರ್ಡಿನಲ್ಲಿ ಕಣ್ಮುಚ್ಚಿದನು. ಸಾಲ ಆಗಲೂ ಉಳಿದಿತ್ತು. ಆತನ ಜೀವವಿಮೆಯ ಹಣದಿಂದಲೂ ಗ್ರಂಥಗಳ ಹಕ್ಕಿನಿಂದಲೂ ತರುವಾಯ ಪೂರ್ಣವಾಗಿ ಸಂದಿತು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ವೈಧವ್ಯವನ್ನೂ, ಕೆಲವರು ಬಡತನವನ್ನೂ ಕಂಡಿರುವಿರಿ. ಬಾಯಾರಿದಾಗ ಬಾವಿ ತೋಡಲಾಗದು. ನೆಮ್ಮದಿಯ ದಿನಗಳಲ್ಲಿ ಬೆಳೆಸಿಕೊಂಡ ಕ್ಲುಪ್ತವಾದ ಸಣ್ಣ ಅಭ್ಯಾಸಗಳೇ ಕಷ್ಟಕಾಲದಲ್ಲಿ ಊರುಗೋಲಾಗುವುವು. ತಾಯಿತಂದೆಗಳೇ, ನಸುಕಿನ ಗಂಟೆಗೆ ಏಳಬೇಕೆಂದು ಮಕ್ಕಳು ಗೊಣಗಿದರೆ ಈ ಕಥೆಯನ್ನು ಹೇಳಿರಿ. ಜೊತೆಗೆ, ಕೆಲಸಕ್ಕೆ ಕೂಡುವ ಹೊತ್ತು ಹೇಗೆ ನಿಯಮವೋ, ಏಳುವ ಹೊತ್ತೂ ಹಾಗೆಯೇ ನಿಯಮವೆಂಬುದನ್ನು ಹೇಳಲು ಮರೆಯದಿರಿ.